ಕಪಾಟಿನ ಡಿಸ್ಕಿನಿಂದ ಹಾರ್ಡ್ ಡಿಸ್ಕಿಗೆ: ಮನೆಯ ಚಿತ್ರಸಂಗ್ರಹದ ಚರಿತ್ರೆ

ಹಣ ಕೊಟ್ಟು ಕೊಂಡ ಸಿನಿಮಾ ಡಿಸ್ಕುಗಳನ್ನು ಒಂದೊಂದಾಗಿ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ಆಮೇಲೆ ಕಪಾಟಿನ ಕಡೆ ಹೋಗದೆ ಟಿವಿಯ ಮುಂದೆ ಕುಳಿತು ರಿಮೋಟಿನಿಂದಲೇ ಬೇಕಾದ ಚಿತ್ರವನ್ನು ಆರಿಸಿ ನೋಡುವ ಪದ್ಧತಿಯು ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಆರಂಭವಾಗಿ, ಮುಂದಿನ ಹದಿನೈದು ವರ್ಷಗಳಲ್ಲಿ ಜಗತ್ತಿನ ಹಲವು ದೇಶಗಳ ಹವ್ಯಾಸಿಗಳ ಮನೆಗಳನ್ನು ಮುಟ್ಟಿತು. ಇದಕ್ಕೆ ಬೇಕಾದ ಸಾಮಗ್ರಿ ತೀರ ಸಾಮಾನ್ಯವಾದುದು: ಡಿಸ್ಕ್ ಓದುವ ಡ್ರೈವ್, ತಕ್ಕಷ್ಟು ಸ್ಥಳವಿರುವ ಹಾರ್ಡ್ ಡಿಸ್ಕ್, ಚಿತ್ರವನ್ನು ಟಿವಿಗೆ ಕಳಿಸುವ ಒಂದು ತಂತಿ. ಇಷ್ಟು ಸುಲಭವಾದ ಕೆಲಸವನ್ನು ಯಾವ ದೊಡ್ಡ ಕಂಪನಿಯೂ ಸಿದ್ಧ ಸರಕಾಗಿ ಜನಸಾಮಾನ್ಯರಿಗೆ ಮಾರಲಿಲ್ಲವೇಕೆ ಎಂಬ ಪ್ರಶ್ನೆಯನ್ನು ಬಿಟ್ಟು ಈ ಪದ್ಧತಿಯ ಚರಿತ್ರೆಯನ್ನು ಬರೆಯಲಾಗದು. ಅದಕ್ಕೆ ಉತ್ತರ ದೊರೆಯುವುದು ಯಂತ್ರಗಳ ಒಳಗೆ ಎನ್ನುವುದಕ್ಕಿಂತ ಹೆಚ್ಚಾಗಿ ಅಮೆರಿಕದ ನ್ಯಾಯಾಲಯಗಳ ತೀರ್ಪುಗಳಲ್ಲಿ.

ಮನೆಯಲ್ಲಿ ಮಾಡಿಕೊಳ್ಳುವ ಪ್ರತಿಯ ಬಗ್ಗೆ ಚಿತ್ರೋದ್ಯಮಕ್ಕಿದ್ದ ಶಂಕೆ ಡಿಸ್ಕಿಗಿಂತ ಹಳೆಯದು. ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಟೇಪ್ ಯಂತ್ರದ ವಿರುದ್ಧ ಯೂನಿವರ್ಸಲ್ ಸ್ಟುಡಿಯೋ ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1984ರ ಜನವರಿಯಲ್ಲಿ ತೀರ್ಪು ನೀಡಿ, ಟಿವಿಯಲ್ಲಿ ಬರುವ ಕಾರ್ಯಕ್ರಮವನ್ನು ಅನುಕೂಲವಾದ ಹೊತ್ತಿಗೆ ನೋಡಲೆಂದು ಮನೆಯವರು ಟೇಪಿಗೆ ಹಿಡಿದಿಟ್ಟುಕೊಳ್ಳುವುದು ನ್ಯಾಯೋಚಿತ ಬಳಕೆಯೆಂದು ಹೇಳಿತ್ತು. ಆ ಸೋಲಿನಿಂದ ಸ್ಟುಡಿಯೋಗಳು ಕಲಿತ ಪಾಠವೆಂದರೆ, ಮುಂದಿನ ಮಾಧ್ಯಮವನ್ನು ಮಾರುಕಟ್ಟೆಗೆ ಬಿಡುವ ಮುನ್ನವೇ ಅದಕ್ಕೆ ಬೀಗ ಹಾಕಬೇಕೆಂಬುದು.

ಆ ಬೀಗ ಬರುವ ಮುನ್ನ ಏಷ್ಯದ ದೇಶಗಳಿಗೆ ಬೀಗವೇ ಇಲ್ಲದ ಒಂದು ಡಿಸ್ಕ್ ಬಂದಿತ್ತು. 1993ರಲ್ಲಿ ಫಿಲಿಪ್ಸ್, ಸೋನಿ, ಮತ್ಸುಶಿತ ಮತ್ತು ಜೆವಿಸಿ ಕಂಪನಿಗಳು ರೂಪಿಸಿದ ವಿಸಿಡಿ, ಎಂದರೆ ವಿಡಿಯೋ ಸಿಡಿ, ಅಮೆರಿಕದಲ್ಲಿ ಹೆಚ್ಚು ನೆಲೆಯೂರದಿದ್ದರೂ ಚೀನ, ಆಗ್ನೇಯ ಏಷ್ಯ ಮತ್ತು ಭಾರತದಲ್ಲಿ ಮನೆಮಾತಾಯಿತು. ಕರ್ನಾಟಕದ ಪೇಟೆಗಳಲ್ಲಿ ಕನ್ನಡ ಚಿತ್ರಗಳು ಟೇಪಿನ ಕ್ಯಾಸೆಟ್ಟಿನಿಂದ ಡಿಸ್ಕಿಗೆ ಬಂದದ್ದು ಬಹುಮಟ್ಟಿಗೆ ಈ ವಿಸಿಡಿಯ ಮೂಲಕವೇ. ಒಂದು ಡಿಸ್ಕಿನಲ್ಲಿ ಹಿಡಿಯುತ್ತಿದ್ದುದು ಸುಮಾರು 74 ನಿಮಿಷದ ಚಿತ್ರ. ಆದ್ದರಿಂದ ಎರಡೂವರೆ ಗಂಟೆಯ ಕನ್ನಡ ಚಿತ್ರಕ್ಕೆ ಮೂರು ಡಿಸ್ಕು ಬೇಕಾಗುತ್ತಿತ್ತು, ಹಾಡಿನ ನಡುವೆಯೋ ಹೊಡೆದಾಟದ ನಡುವೆಯೋ ಎದ್ದು ಡಿಸ್ಕ್ ಬದಲಿಸುವುದು ನೋಡುಗರ ಕರ್ತವ್ಯವಾಗಿತ್ತು. ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರೆ ಎಂಪಿಇಜಿಎವಿ ಎಂಬ ಫೋಲ್ಡರಿನೊಳಗೆ ಡಿಎಟಿ ಎಂಬ ಬಾಲವಿರುವ ಒಂದು ದೊಡ್ಡ ಫೈಲು ಕಾಣಿಸುತ್ತಿತ್ತು. ಅದನ್ನು ಹಾರ್ಡ್ ಡಿಸ್ಕಿಗೆ ಎಳೆದು ಹಾಕಿಕೊಂಡರೆ ಕೆಲಸ ಮುಗಿಯಿತು. ಹೀಗೆ ನೋಡಿದರೆ, ಕೊಂಡ ಚಿತ್ರವನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಪದ್ಧತಿಯ ಮೊದಲ ಪಾಠವನ್ನು ಭಾರತದ ಅನೇಕ ಬಳಕೆದಾರರು ಯಾವ ಬೀಗವನ್ನೂ ಒಡೆಯದೆಯೇ ಕಲಿತಿದ್ದರೆನ್ನಬಹುದು.

ವಿಸಿಡಿಯ ಒಳರಚನೆಯಲ್ಲಿ ಇನ್ನೊಂದು ವಿಶೇಷವಿದ್ದು, ಅದರ ಪರಿಣಾಮ ಇಂದಿಗೂ ಉಳಿದಿದೆ. ಸಾಮಾನ್ಯ ಮಾಹಿತಿಯನ್ನು ತುಂಬುವ ಸಿಡಿಯ ಪ್ರತಿ ಸೆಕ್ಟರಿನಲ್ಲಿ, ಎಂದರೆ ಡಿಸ್ಕನ್ನು ಓದುವ ಅತಿ ಚಿಕ್ಕ ತುಣುಕಿನಲ್ಲಿ, 2048 ಬೈಟ್ ಮಾಹಿತಿಯಿದ್ದು, ಮಿಕ್ಕ ಜಾಗದ ಹೆಚ್ಚು ಪಾಲು ತಪ್ಪು ತಿದ್ದುವ ಸಂಕೇತಗಳಿಗೆ ಮೀಸಲಾಗಿರುತ್ತದೆ. ಹೆಚ್ಚು ಹೊತ್ತಿನ ಚಿತ್ರವನ್ನು ಹಿಡಿಸುವುದಕ್ಕಾಗಿ ವಿಸಿಡಿಯಲ್ಲಿ ಆ ಮೀಸಲನ್ನೂ ಚಿತ್ರಕ್ಕೇ ಬಿಟ್ಟುಕೊಟ್ಟು ಪ್ರತಿ ಸೆಕ್ಟರಿನಲ್ಲಿ 2324 ಬೈಟ್ ತುಂಬಲಾಯಿತು. ಗೀರು ಬಿದ್ದ ವಿಸಿಡಿ ಟಿವಿಯ ಮೇಲೆ ಚೌಕುಳಿ ಚೌಕುಳಿಯಾಗಿ ಒಡೆದು ಕಾಣುವುದಕ್ಕೂ, ಕಂಪ್ಯೂಟರಿಗೆ ಇಳಿಸುವಾಗ ನಡುವೆಯೇ ಕೈಕೊಡುವುದಕ್ಕೂ ಈ ಉಳಿತಾಯವು ಒಂದು ಮುಖ್ಯ ಕಾರಣ.

ಡಿವಿಡಿಯ ಕಥೆ ಬೇರೆಯದು. ಒಂದು ಕಡೆ ತೋಷಿಬಾ ಮತ್ತು ಟೈಮ್ ವಾರ್ನರ್, ಇನ್ನೊಂದು ಕಡೆ ಸೋನಿ ಮತ್ತು ಫಿಲಿಪ್ಸ್ ಎಂದು ಎರಡು ಬಣಗಳಾಗಿ ಹೋರಾಡುತ್ತಿದ್ದ ಕಂಪನಿಗಳು 1995ರಲ್ಲಿ ರಾಜಿಯಾಗಿ ಒಂದೇ ಮಾನಕಕ್ಕೆ ಒಪ್ಪಿದ ಮೇಲೆ, 1996ರ ನವೆಂಬರಿನಲ್ಲಿ ಜಪಾನಿನಲ್ಲೂ 1997ರಲ್ಲಿ ಅಮೆರಿಕದಲ್ಲೂ ಡಿವಿಡಿ ಮಾರಾಟಕ್ಕೆ ಬಂದಿತು. ಒಂದು ಪದರದ ಡಿಸ್ಕಿನಲ್ಲಿ 4.7 ಜಿಬಿ, ಎರಡು ಪದರದ ಡಿಸ್ಕಿನಲ್ಲಿ 8.5 ಜಿಬಿ ಸ್ಥಳವಿದ್ದ ಈ ಮಾಧ್ಯಮಕ್ಕೆ ಸ್ಟುಡಿಯೋಗಳು ಚಿತ್ರ ಕೊಡಲು ಒಪ್ಪಿದ್ದು ಸಿಎಸ್ಎಸ್ ಎಂಬ ಗೂಢಲಿಪಿ ವ್ಯವಸ್ಥೆ ಅದರೊಳಗೆ ಸೇರಿದ ಮೇಲೆ. ಚಿತ್ರದ ಮಾಹಿತಿಯನ್ನು ಒಂದು ಕೀಲಿಯಿಂದ ಕಲಸಿಟ್ಟು, ಆ ಕೀಲಿಯನ್ನು ಮತ್ತೊಂದು ಕೀಲಿಯಿಂದ ಮುಚ್ಚಿ, ಕೊನೆಯ ಕೀಲಿಯನ್ನು ಪರವಾನಗಿ ಪಡೆದ ಪ್ಲೇಯರ್ ತಯಾರಕರಿಗೆ ಮಾತ್ರ ಕೊಡುವುದು ಇದರ ಕ್ರಮ. ಪರವಾನಗಿ ನೀಡುವ ಡಿವಿಡಿ ಸಿಸಿಎ ಎಂಬ ಸಂಸ್ಥೆಯ ಕರಾರಿಗೆ ಸಹಿ ಹಾಕದವರು ಡಿವಿಡಿ ಪ್ಲೇಯರ್ ಮಾಡುವಂತಿರಲಿಲ್ಲ. ಸಹಿ ಹಾಕಿದವರು ಪ್ರಾಂತ್ಯ ಸಂಕೇತವನ್ನೂ, ಎಂದರೆ ಒಂದು ಭೂಭಾಗದಲ್ಲಿ ಮಾರಿದ ಡಿಸ್ಕ್ ಇನ್ನೊಂದು ಭಾಗದ ಯಂತ್ರದಲ್ಲಿ ಓಡದಂತೆ ತಡೆಯುವ ಸಂಖ್ಯೆಯನ್ನೂ, ಪಾಲಿಸಬೇಕಿತ್ತು. ಈ ಹಂಚಿಕೆಯಲ್ಲಿ ಅಮೆರಿಕ ಒಂದನೆಯ ಪ್ರಾಂತ್ಯವಾದರೆ ಭಾರತ ಐದನೆಯದು; ಅಮೆರಿಕದಿಂದ ಊರಿಗೆ ಬಂದ ಬಂಧುಗಳು ಪ್ರೀತಿಯಿಂದ ತಂದುಕೊಟ್ಟ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದೆ ಹೋಗುತ್ತಿದ್ದುದು ಇದರಿಂದ.

ಸಿಎಸ್ಎಸ್ ಕೀಲಿಯ ಉದ್ದ ಕೇವಲ 40 ಬಿಟ್. ಅದಕ್ಕಿಂತ ದೊಡ್ಡ ದೌರ್ಬಲ್ಯವೆಂದರೆ, ಈ ಬೀಗವು ನಿಜವಾದ ಕಳ್ಳಪ್ರತಿಗಾರರನ್ನು ತಡೆಯುವಂಥದ್ದೇ ಆಗಿರಲಿಲ್ಲ: ಡಿಸ್ಕನ್ನು ಅಚ್ಚು ಹಾಕುವ ಕಾರ್ಖಾನೆಯಿದ್ದವರು ಗೂಢಲಿಪಿಯನ್ನು ಬಿಡಿಸುವ ಗೋಜಿಗೆ ಹೋಗದೆ, ಕೀಲಿಯೂ ಸೇರಿದಂತೆ ಇದ್ದುದನ್ನು ಇದ್ದಂತೆಯೇ ಒತ್ತಬಹುದಿತ್ತು. ಅಂಗಡಿಯಲ್ಲಿ ಸಿಗುವ ಖಾಲಿ ಡಿಸ್ಕುಗಳಲ್ಲಿ ಕೀಲಿ ಬರೆಯುವ ಜಾಗವನ್ನು ಮೊದಲೇ ನಿರುಪಯೋಗಿಯಾಗಿ ಮಾಡಿಡುತ್ತಿದ್ದುದರಿಂದ, ಬೀಗ ಅಡ್ಡಬಂದದ್ದು ಮನೆಯ ಬಳಕೆದಾರನಿಗೆ ಮಾತ್ರ.

ಬೀಗ ಮುರಿದದ್ದು 1999ರ ಅಕ್ಟೋಬರಿನಲ್ಲಿ. ಆ ಹೊತ್ತಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸುವವರಿಗೆ ಪರವಾನಗಿ ಪಡೆದ ಡಿವಿಡಿ ಪ್ಲೇಯರ್ ತಂತ್ರಾಂಶ ಲಭ್ಯವಿರಲಿಲ್ಲ. ಡಿಸ್ಕಿಗೂ ಡ್ರೈವಿಗೂ ಹಣ ಕೊಟ್ಟಿದ್ದರೂ ಅವರು ತಮ್ಮ ಕಂಪ್ಯೂಟರಿನಲ್ಲಿ ಚಿತ್ರ ನೋಡುವಂತಿರಲಿಲ್ಲ. ಕ್ಸಿಂಗ್ ಎಂಬ ಕಂಪನಿಯ ತಂತ್ರಾಂಶ ಪ್ಲೇಯರಿನಲ್ಲಿ ಕೀಲಿಯನ್ನು ಸರಿಯಾಗಿ ಮರೆಮಾಡದೆ ಬಿಟ್ಟಿದ್ದುದೇ ದಾರಿಯಾಗಿ, ಡಿಸಿಎಸ್ಎಸ್ ಎಂಬ ಪುಟ್ಟ ತಂತ್ರಾಂಶ ಹೊರಬಂದಿತು. ಅದನ್ನು ಪ್ರಕಟಿಸಿದವರಲ್ಲಿ ಹೆಸರು ತಿಳಿದದ್ದು ನಾರ್ವೆ ದೇಶದ ಯೋನ್ ಲೆಕ್ ಯೊಹಾನ್ಸೆನ್ ಎಂಬ ಹುಡುಗನದು. ಅವನಿಗೆ ಆಗ ಹದಿನೈದು ವರ್ಷ. ಅದರ ಬೆನ್ನಿಗೇ ಫ್ರ್ಯಾಂಕ್ ಸ್ಟೀವನ್ಸನ್ ಎಂಬವರು ಸಿಎಸ್ಎಸ್ ಗಣಿತವನ್ನೇ ಬಿಡಿಸಿಟ್ಟು, ಯಾರ ಕೀಲಿಯನ್ನೂ ಕದಿಯದೆ ಸಾಧಾರಣ ಕಂಪ್ಯೂಟರೊಂದು ಅಲ್ಪಕಾಲದಲ್ಲೇ ಡಿಸ್ಕಿನ ಕೀಲಿಯನ್ನು ಲೆಕ್ಕ ಹಾಕಿ ತೆಗೆಯಬಲ್ಲದೆಂದು ತೋರಿಸಿದರು.

ಇದರ ನಂತರ ನಡೆದ ಎರಡು ಮೊಕದ್ದಮೆಗಳು ಒಂದೇ ಸಂಗತಿಯನ್ನು ಎರಡು ದೇಶಗಳು ಹೇಗೆ ಬೇರೆ ಬೇರೆಯಾಗಿ ನೋಡಿದವೆಂಬುದಕ್ಕೆ ನಿದರ್ಶನ. ಅಮೆರಿಕದಲ್ಲಿ 1998ರ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಕಾಯ್ದೆಯು, ಪ್ರತಿ ಮಾಡುವ ಉದ್ದೇಶ ಏನೇ ಇರಲಿ, ಬೀಗ ತೆಗೆಯುವ ಸಾಧನವನ್ನು ಹಂಚುವುದನ್ನೇ ನಿಷೇಧಿಸಿತ್ತು. ಡಿಸಿಎಸ್ಎಸ್ ಅನ್ನು ಪ್ರಕಟಿಸಿದ '2600' ಎಂಬ ಪತ್ರಿಕೆಯ ಎರಿಕ್ ಕಾರ್ಲಿಯ ಮೇಲೆ ಎಂಟು ಸ್ಟುಡಿಯೋಗಳು ಹೂಡಿದ ದಾವೆಯಲ್ಲಿ ನ್ಯಾಯಾಧೀಶ ಲೂಯಿಸ್ ಕಪ್ಲಾನ್ 2000ದ ಆಗಸ್ಟಿನಲ್ಲಿ ಸ್ಟುಡಿಯೋಗಳ ಪರವಾಗಿ ತೀರ್ಪಿತ್ತರು. 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಾರ್ವೆಯಲ್ಲಿ ಯೊಹಾನ್ಸೆನ್ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆದು, 2003ರ ಜನವರಿಯಲ್ಲಿ ಓಸ್ಲೋ ನ್ಯಾಯಾಲಯವು, ನ್ಯಾಯವಾಗಿ ಕೊಂಡ ಚಿತ್ರವನ್ನು ಬೇರೆ ರೀತಿಯಲ್ಲಿ ನೋಡಿಕೊಳ್ಳುವ ಹಕ್ಕು ಕೊಂಡವನಿಗಿದೆಯೆಂಬ ನಿಲುವು ತಳೆದು ಅವನನ್ನು ಬಿಡುಗಡೆ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೇಲಿನ ನ್ಯಾಯಾಲಯವೂ ಹಾಗೆಯೇ ಹೇಳಿತು. ತಂತ್ರಾಂಶವನ್ನು ಮಾತ್ರ ಎರಡರಲ್ಲಿ ಯಾವ ತೀರ್ಪಿನಿಂದಲೂ ಮರೆಮಾಡಲಾಗಲಿಲ್ಲ. ಪ್ರತಿಭಟನಕಾರರು ಅದನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿ ತೊಟ್ಟರು, ಒಬ್ಬ ಗಣಿತಪ್ರಿಯ ಅದನ್ನು ಒಂದು ದೈತ್ಯ ಅವಿಭಾಜ್ಯ ಸಂಖ್ಯೆಯಾಗಿಯೇ ಬರೆದು ತೋರಿಸಿದ.

ಡಿವಿಡಿಯೊಳಗಿನ ಚಿತ್ರವು ವಿಡಿಯೋ ಟಿಎಸ್ ಎಂಬ ಫೋಲ್ಡರಿನಲ್ಲಿ ತಲಾ 1 ಜಿಬಿ ಮೀರದ ವಿಒಬಿ ಫೈಲುಗಳಾಗಿ ತುಂಡಾಗಿರುತ್ತದೆ. ಯಾವ ತುಂಡಿನ ನಂತರ ಯಾವುದು, ಯಾವ ಭಾಷೆಯ ಧ್ವನಿ, ಎಲ್ಲಿ ಅಧ್ಯಾಯ ಎಂಬುದನ್ನು ಐಎಫ್ಒ ಎಂಬ ಚಿಕ್ಕ ಫೈಲುಗಳು ಹೇಳುತ್ತವೆ. ಇವನ್ನೆಲ್ಲ ಬೀಗ ತೆಗೆದು ಹಾರ್ಡ್ ಡಿಸ್ಕಿಗೆ ಇಳಿಸುವುದಕ್ಕೆ ಬಳಕೆಯ ಮಾತಿನಲ್ಲಿ ರಿಪ್ ಮಾಡುವುದು ಎನ್ನುತ್ತಾರೆ. ಆರಂಭದ ವರ್ಷಗಳಲ್ಲಿ ರಿಪ್ ಮಾಡಿದ ಚಿತ್ರವನ್ನು ಇಟ್ಟುಕೊಳ್ಳುವುದೇ ಕಷ್ಟವಾಗಿತ್ತು: 1999ರ ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಇಂಥ ಎರಡು ಮೂರು ಚಿತ್ರ ಹಿಡಿಸಿದರೆ ಹೆಚ್ಚು. ಆದ್ದರಿಂದ ಚಿತ್ರವನ್ನು ಸಂಕುಚಿಸಲೇಬೇಕಾಯಿತು. ಫ್ರಾನ್ಸಿನ ಜೆರೋಮ್ ರೋತಾ ಮೈಕ್ರೋಸಾಫ್ಟಿನ ಒಂದು ಸಂಕೋಚನ ವಿಧಾನವನ್ನು ಮಾರ್ಪಡಿಸಿ ಹೊರಬಿಟ್ಟ ಡಿವ್ಎಕ್ಸ್, ಇಡೀ ಚಿತ್ರವನ್ನು 700 ಎಂಬಿಯ ಒಂದು ಸಿಡಿಗೆ ಇಳಿಸಬಹುದೆಂದು ತೋರಿಸಿ ರಾತ್ರೋರಾತ್ರಿ ಹೆಸರು ಮಾಡಿತು. ಕಳ್ಳಪ್ರತಿಗಾರರಿಗೂ ಸಂಗ್ರಾಹಕರಿಗೂ ಒಂದೇ ಸಾಧನ ಕೈಗೆ ಬಂದದ್ದು ಇಲ್ಲಿಯೇ. ಪೇಟೆಯ ಕಳ್ಳಡಿಸ್ಕನ್ನೂ ಮನೆಯ ಸಂಗ್ರಹವನ್ನೂ ಉದ್ಯಮವು ಒಂದೇ ತಕ್ಕಡಿಯಲ್ಲಿ ತೂಗಲು ಇದು ನೆಪವಾಯಿತೆಂಬುದನ್ನು ಒಪ್ಪಬೇಕು. 2003ರಲ್ಲಿ ಎರಿಕ್ ಪೆಟಿ ಆರಂಭಿಸಿದ ಹ್ಯಾಂಡ್‌ಬ್ರೇಕ್, ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳಿಂದ ಹುಟ್ಟಿದ ವಿಎಲ್‌ಸಿ, ಚಿತ್ರ, ಹಲವು ಭಾಷೆಗಳ ಧ್ವನಿ ಮತ್ತು ಅಡಿಬರಹಗಳನ್ನು ಒಂದೇ ಫೈಲಿನಲ್ಲಿ ಜೋಡಿಸಿಡುವ ಎಂಕೆವಿ ರೂಪ, ಇವೆಲ್ಲ ಸಂಗ್ರಾಹಕರ ಕೆಲಸವನ್ನು ಕ್ರಮೇಣ ಹಗುರಗೊಳಿಸಿದವು. 2007ರಲ್ಲಿ ಹಿಟಾಚಿ ಕಂಪನಿ ಮೊದಲ 1 ಟಿಬಿ ಹಾರ್ಡ್ ಡಿಸ್ಕನ್ನು ಮಾರುಕಟ್ಟೆಗೆ ತಂದಾಗ, ನೂರಕ್ಕೂ ಹೆಚ್ಚು ಡಿವಿಡಿಗಳನ್ನು ಸಂಕುಚಿಸದೆ ಇದ್ದ ಹಾಗೆಯೇ ಒಂದೇ ಡಿಸ್ಕಿನಲ್ಲಿಡುವ ಅನುಕೂಲ ಒದಗಿತು.

ಹಾರ್ಡ್ ಡಿಸ್ಕಿನಿಂದ ಟಿವಿಗೆ ಚಿತ್ರವನ್ನು ಮುಟ್ಟಿಸುವ ಕೆಲಸದಲ್ಲಿ ಮುಂದಾಳಾದದ್ದು ಅನಿರೀಕ್ಷಿತವಾಗಿ ಒಂದು ಆಟದ ಪೆಟ್ಟಿಗೆ. 2001ರ ನವೆಂಬರಿನಲ್ಲಿ ಬಂದ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್, 733 ಮೆಗಾಹರ್ಟ್ಸ್ ವೇಗದ ಪ್ರೊಸೆಸರೂ ಒಳಗೊಂದು ಹಾರ್ಡ್ ಡಿಸ್ಕೂ ಟಿವಿಗೆ ಜೋಡಿಸುವ ತಂತಿಯೂ ಇದ್ದ ಅಗ್ಗದ ಕಂಪ್ಯೂಟರೇ ಆಗಿತ್ತು. ಅದರೊಳಗೆ ಅನಧಿಕೃತ ಚಿಪ್ ಕೂಡಿಸಿ ಬೇರೆ ತಂತ್ರಾಂಶ ಓಡಿಸಲು ಕಲಿತ ಹವ್ಯಾಸಿಗಳು ಬರೆದ ಪ್ಲೇಯರು 2004ರಲ್ಲಿ ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿ ಪಕ್ವರೂಪ ಪಡೆಯಿತು. ಮುಂದೆ ಅದು ಆ ಪೆಟ್ಟಿಗೆಯನ್ನು ಬಿಟ್ಟು ಸಾಮಾನ್ಯ ಕಂಪ್ಯೂಟರುಗಳಿಗೆ ಬಂದು, 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡಿತು. ಅದರದೇ ಕವಲಾಗಿ 2008ರಲ್ಲಿ ಹುಟ್ಟಿದ ಪ್ಲೆಕ್ಸ್, ಒಂದು ಕೋಣೆಯ ಕಂಪ್ಯೂಟರಿನಲ್ಲಿರುವ ಸಂಗ್ರಹವನ್ನು ಮನೆಯ ಎಲ್ಲ ಟಿವಿಗಳಿಗೂ ಹಂಚುವ ಕ್ರಮವನ್ನು ಜನಪ್ರಿಯಗೊಳಿಸಿತು. ಮೈಕ್ರೋಸಾಫ್ಟ್ ತಾನೇ 2002ರಲ್ಲಿ ತಂದ ವಿಂಡೋಸ್ ಮೀಡಿಯಾ ಸೆಂಟರ್ ಟಿವಿ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವುದರಲ್ಲಿ ಗಟ್ಟಿಯಾಗಿದ್ದರೂ ಡಿವಿಡಿಯನ್ನು ಒಳಗಿಳಿಸಿಕೊಳ್ಳುವ ಸೌಕರ್ಯವನ್ನು ಕೊಡಲಿಲ್ಲ; ಪರವಾನಗಿಯ ಕರಾರು ಅಡ್ಡವಿತ್ತು.

ಕೋಡಿ, ಪ್ಲೆಕ್ಸ್‌ಗಳ ಮುಖ್ಯ ಆಕರ್ಷಣೆಯೆಂದರೆ, ಫೈಲಿನ ಹೆಸರನ್ನು ಓದಿ ಅಂತರ್ಜಾಲದ ಚಿತ್ರಕೋಶದಿಂದ ಪೋಸ್ಟರು, ತಾರಾಗಣ, ಕಥಾಸಾರಗಳನ್ನು ತಂದು ಟಿವಿಯ ಪರದೆಯ ಮೇಲೆ ಗ್ರಂಥಾಲಯದಂತೆ ಜೋಡಿಸುವುದು. ಕನ್ನಡ ಚಿತ್ರಗಳ ಸಂಗ್ರಾಹಕರಿಗೆ ಇದರಲ್ಲಿ ಒಂದು ತೊಡಕಿತ್ತು. 'ನಾಗರಹಾವು' ಎಂದಷ್ಟೇ ಬರೆದಿಟ್ಟರೆ ಪುಟ್ಟಣ್ಣ ಕಣಗಾಲರ 1972ರ ಚಿತ್ರವೋ, ಉಪೇಂದ್ರರ 2002ರ ಚಿತ್ರವೋ, 2016ರಲ್ಲಿ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರಿನಿಂದ ಮರುಸೃಷ್ಟಿಸಿದ ಚಿತ್ರವೋ ಎಂದು ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಹೆಸರಿನ ಪಕ್ಕದಲ್ಲಿ ಕಂಸದೊಳಗೆ ಇಸವಿ ಬರೆದಿಡುವ ನಿಯಮ ಹುಟ್ಟಿಕೊಂಡದ್ದು ಇಂಥ ಗೊಂದಲಗಳ ನಿವಾರಣೆಗಾಗಿಯೇ.

ಇದೆಲ್ಲವನ್ನು ಕಾನೂನಿನ ಚೌಕಟ್ಟಿನೊಳಗೆ ಮಾಡಲು ಹೊರಟ ಕಂಪನಿಗಳ ಗತಿ ಏನಾಯಿತೆಂಬುದು ಈ ಚರಿತ್ರೆಯ ಅತ್ಯಂತ ವಿಚಿತ್ರವಾದ ಅಧ್ಯಾಯ. ಡಿವಿಡಿಯ ಪ್ರತಿ ತೆಗೆಯುವ ತಂತ್ರಾಂಶವನ್ನು ಅಂಗಡಿಗಳಲ್ಲೇ ಮಾರಿದ 321 ಸ್ಟುಡಿಯೋಸ್ ಎಂಬ ಕಂಪನಿ ನ್ಯಾಯಾಲಯದಲ್ಲಿ ಸೋತು 2004ರಲ್ಲಿ ಬಾಗಿಲು ಮುಚ್ಚಿತು. 2001ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ಕೆಲೈಡಸ್ಕೇಪ್ ಡಿವಿಡಿ ಸಿಸಿಎಯ ಪರವಾನಗಿಯನ್ನು ಪಡೆದುಕೊಂಡೇ, ಗೂಢಲಿಪಿಯನ್ನು ಕಳಚದೆ ಡಿಸ್ಕಿನ ಪ್ರತಿಯನ್ನು ತನ್ನ ಸರ್ವರಿನಲ್ಲಿ ಇಡುವ ವ್ಯವಸ್ಥೆಯನ್ನು ಹತ್ತಾರು ಸಾವಿರ ಡಾಲರ್ ಬೆಲೆಗೆ ಸಿರಿವಂತರ ಮನೆಗಳಿಗೆ ಮಾರಿತು. ಆ ಬೆಲೆ ಕೊಟ್ಟು ಕಳ್ಳಪ್ರತಿ ಮಾಡಿಕೊಳ್ಳುವ ಮೂರ್ಖರು ಯಾರೂ ಇರಲಿಕ್ಕಿಲ್ಲ. ಆದರೂ ಡಿವಿಡಿ ಸಿಸಿಎ 2004ರ ಡಿಸೆಂಬರಿನಲ್ಲಿ ಕರಾರುಭಂಗದ ದಾವೆ ಹೂಡಿತು. 2007ರಲ್ಲಿ ಕೆಲೈಡಸ್ಕೇಪ್ ಗೆದ್ದಿತು, 2009ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು, 2012ರಲ್ಲಿ ಪ್ರತಿಬಂಧಕಾಜ್ಞೆ ಹೊರಟಿತು, 2014ರಲ್ಲಿ ರಾಜಿಯಾಯಿತು. ಈ ನಡುವೆ ಬ್ಲೂ ರೇ ಡಿಸ್ಕುಗಳಿಗಾಗಿ ಅದೇ ಕಂಪನಿ ರೂಪಿಸಿದ ಯಂತ್ರವು ಕಾನೂನಿನ ಹಿಡಿತ ಎಲ್ಲಿಗೆ ಮುಟ್ಟಿತ್ತೆಂಬುದಕ್ಕೆ ಸಾಕ್ಷಿ: ಚಿತ್ರ ಹಾರ್ಡ್ ಡಿಸ್ಕಿನಿಂದಲೇ ಓಡಿದರೂ, ಮೂಲ ಡಿಸ್ಕು ಮನೆಯಲ್ಲೇ ಇದೆಯೆಂದು ತೋರಿಸುವ ಸಲುವಾಗಿ 320 ಡಿಸ್ಕು ಹಿಡಿಯುವ ಒಂದು ದೊಡ್ಡ ಪೆಟ್ಟಿಗೆಯಲ್ಲಿ ಅದನ್ನು ಸದಾ ಇಟ್ಟಿರಬೇಕಿತ್ತು. ಸಾಮಾನ್ಯರ ಕೈಗೆಟುಕುವ ಬೆಲೆಯ ರಿಯಲ್‌ಡಿವಿಡಿ ಎಂಬ ತಂತ್ರಾಂಶವನ್ನು ರಿಯಲ್‌ನೆಟ್‌ವರ್ಕ್ಸ್ ಕಂಪನಿ 2008ರ ಸೆಪ್ಟೆಂಬರಿನ ಕೊನೆಯಲ್ಲಿ ಬಿಡುಗಡೆ ಮಾಡಿದ ಕೆಲವೇ ದಿನಗಳಲ್ಲಿ ಮಾರಾಟಕ್ಕೆ ತಡೆ ಬಿತ್ತು. ಮುಂದಿನ ವರ್ಷ ನ್ಯಾಯಾಧೀಶೆ ಮರಿಲಿನ್ ಹಾಲ್ ಪಟೇಲ್ ಅದನ್ನು ನಿರ್ಬಂಧಿಸಿದರು. 2010ರಲ್ಲಿ ಕಂಪನಿ 45 ಲಕ್ಷ ಡಾಲರ್ ತೆತ್ತು ಕೈತೊಳೆದುಕೊಂಡಿತು.

ಪರಿಣಾಮವಾಗಿ, ಕರಾರಿಗೆ ಸಹಿ ಹಾಕಿ ಹೆಸರು ವಿಳಾಸ ಕೊಟ್ಟು ವ್ಯಾಪಾರ ಮಾಡಿದವರು ನಷ್ಟಕ್ಕೊಳಗಾದರು. ಪುಕ್ಕಟೆಯಾಗಿ ಹಂಚಿದ ಹವ್ಯಾಸಿಗಳ ಸಾಧನಗಳು ಉಳಿದುಕೊಂಡವು. ಕಳ್ಳಪ್ರತಿಯನ್ನು ತಡೆಯಲೆಂದು ಹೂಡಿದ ದಾವೆಗಳು ಪ್ರಾಮಾಣಿಕ ಮಾರಾಟಗಾರರನ್ನು ಮಾತ್ರ ಅಳಿಸಿಹಾಕಿದವೆಂದರೆ ಅದು ಅತ್ಯುಕ್ತಿಯಲ್ಲ. ಉದ್ಯಮವು ತಾನಾಗಿ ಕೊಟ್ಟ ಪರ್ಯಾಯಗಳು ಅರೆಮನಸ್ಸಿನವು. 2006ರಲ್ಲಿ ಬಂದ ಬ್ಲೂ ರೇ ಡಿಸ್ಕಿನ ನಿಯಮಗಳಲ್ಲಿ ಅಧಿಕೃತ ಪ್ರತಿಗೆ ಅವಕಾಶ ಮಾಡಿಕೊಡುವ ಮಾತು ಇದ್ದರೂ ಅದು ಬಳಕೆದಾರರ ಕೈಗೆ ಬರಲೇ ಇಲ್ಲ. 2012ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳು ಜನ ಹೊತ್ತು ತಂದ ತಮ್ಮದೇ ಡಿವಿಡಿಗಳಿಗೆ ತಲಾ ಎರಡು ಡಾಲರ್ ತೆಗೆದುಕೊಂಡು ಅಲ್ಟ್ರಾವಯೊಲೆಟ್ ಎಂಬ ಅಂತರ್ಜಾಲದ ಲಾಕರಿನಲ್ಲಿ ಆ ಚಿತ್ರವನ್ನು ನೋಡುವ ಹಕ್ಕು ಬರೆದುಕೊಡುತ್ತಿದ್ದವು. ಆ ಅಲ್ಟ್ರಾವಯೊಲೆಟ್ 2019ರ ಜುಲೈ ಕೊನೆಗೆ ಮುಚ್ಚಿಹೋಯಿತು.

ಭಾರತದ ಕಾನೂನು ಬೇರೆ ದಾರಿ ಹಿಡಿದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯಲ್ಲಿ 65ಎ ಎಂಬ ಹೊಸ ವಿಧಿಯು ಬೀಗ ಒಡೆಯುವುದಕ್ಕೆ ಎರಡು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿದರೂ, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಒಡೆದಿರಬೇಕೆಂಬ ಷರತ್ತನ್ನು ಸೇರಿಸಿತು. ಅದೇ ತಿದ್ದುಪಡಿಯು 52ನೇ ವಿಧಿಯಲ್ಲಿನ ಖಾಸಗಿ ಬಳಕೆಯ ವಿನಾಯಿತಿಯನ್ನು ಸಿನಿಮಾಕ್ಕೂ ವಿಸ್ತರಿಸಿತು. ಅಮೆರಿಕದ ಕಾಯ್ದೆಗಿಂತ ಇದು ಸಂಗ್ರಾಹಕರಿಗೆ ಎಷ್ಟೋ ಉದಾರವಾಗಿ ಕಾಣುತ್ತದೆ. ಇದಕ್ಕೂ ಮುಂಚೆ, 2007ರಲ್ಲಿ ಮೋಸರ್ ಬೇಯರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಲು ತೊಡಗಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಹಳೆಯ ಚಿತ್ರಗಳನ್ನು ಸಾಮಾನ್ಯ ಮನೆಗಳಿಗೆ ತಲುಪಿಸಿತ್ತು. ಬೀಗಕ್ಕಿಂತ ಬೆಲೆಯೇ ಕಳ್ಳಪ್ರತಿಗೆ ಒಳ್ಳೆಯ ಮದ್ದೆಂಬುದನ್ನು ಈ ಪ್ರಯೋಗ ಹಾಲಿವುಡ್ಡಿನ ಎಲ್ಲ ದಾವೆಗಳಿಗಿಂತ ಸ್ಪಷ್ಟವಾಗಿ ತೋರಿಸಿತು. ಆದರೂ ಆ ಕಂಪನಿ ಸಾಲದಲ್ಲಿ ಮುಳುಗಿ 2018ರಲ್ಲಿ ಸಮಾಪನಕ್ಕೆ ಹೋಯಿತು.

ಅಷ್ಟರಲ್ಲಿ ಡಿಸ್ಕಿನ ಕಾಲವೇ ಇಳಿಮುಖವಾಗಿತ್ತು. ಲ್ಯಾಪ್‌ಟಾಪುಗಳಿಂದ ಡ್ರೈವ್ ಮರೆಯಾಯಿತು. ಅಂಚೆಯಲ್ಲಿ ಡಿವಿಡಿ ಕಳಿಸಿ ಬೆಳೆದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್ 29ರಂದು ತನ್ನ ಕೊನೆಯ ಡಿಸ್ಕನ್ನು ರವಾನಿಸಿತು. ಸ್ಟ್ರೀಮಿಂಗ್ ಬಂದ ಮೇಲೆ ಸಂಗ್ರಹವೇಕೆ ಎಂಬ ಮಾತು ಹೊಸ ಚಿತ್ರಗಳ ಮಟ್ಟಿಗೆ ನಿಜವಿರಬಹುದು. ಆದರೆ ಸ್ಟ್ರೀಮಿಂಗ್ ಸೇವೆಯಲ್ಲಿರುವ ಚಿತ್ರ ಪರವಾನಗಿ ಮುಗಿದ ದಿನ ಮಾಯವಾಗುತ್ತದೆ. ವಿಸಿಡಿಯಾಗಿ ಬಂದ ಹಳೆಯ ಕನ್ನಡ ಚಿತ್ರಗಳಲ್ಲಿ ಆ ಸೇವೆಗಳನ್ನು ಮುಟ್ಟದವೂ ಇವೆ. ತಪ್ಪು ತಿದ್ದುವ ಸಂಕೇತವನ್ನು ಬಿಟ್ಟುಕೊಟ್ಟ ಆ ಡಿಸ್ಕುಗಳು ವರ್ಷ ಕಳೆದಂತೆ ಓದಲು ಇನ್ನಷ್ಟು ಕಠಿಣವಾಗುತ್ತವೆ. ಎರಡೂವರೆ ಗಂಟೆಯ ಒಂದು ಚಿತ್ರದ ವಿಸಿಡಿಗಳು ಹಾರ್ಡ್ ಡಿಸ್ಕಿನಲ್ಲಿ ಹಿಡಿಯುವುದು ಸುಮಾರು ಒಂದೂವರೆ ಜಿಬಿ. 1 ಟಿಬಿಯ ಡಿಸ್ಕಿನಲ್ಲಿ ಇಂಥ ಆರುನೂರು ಚಿತ್ರಗಳನ್ನಿಡಬಹುದು. ಇಂಥ ಡಿಸ್ಕುಗಳಿರುವ ಮನೆಯವರು, ಯುಎಸ್‌ಬಿಗೆ ಜೋಡಿಸುವ ಡ್ರೈವುಗಳು ಅಂಗಡಿಯಲ್ಲಿ ಇನ್ನೂ ದೊರೆಯುತ್ತಿರುವಾಗಲೇ ಅವನ್ನು ಇಳಿಸಿಕೊಂಡು, ಮತ್ತೊಂದು ಹಾರ್ಡ್ ಡಿಸ್ಕಿನಲ್ಲಿ ಎರಡನೆಯ ಪ್ರತಿಯನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.